ಹೇಮಾವತಿ ಮೂಲ ನೋಡೋಕೆ ಜೀಪ್ ಬೇಡ

ಹೇಮಾವತಿ ಹೊಳೆ ಹುಟ್ಟುವ ಜಾವಳಿ ಊರಿನ ಕಡೆ ಹೊರಟಿರುವವರು ಮೊದಲು ಇದನ್ನು ಓದಿ. ಹೇಮಾವತಿ ಮೂಲಕ್ಕೆ ಜೀಪ್ ಬೇಕಾಗಿಲ್ಲ. ನಮ್ಮಿಂದ ಅದಕ್ಕೆ 1,800 ರೂಪಾಯಿ ಕಿತ್ತುಕೊಂಡರು. ನಿಮ್ಮ ದುಡ್ಡಾದರೂ ಉಳಿಯಲಿ ಅಂತ ಬರೆಯುತ್ತಿದ್ದೇನೆ.

ನಾವು ಹಾಸನದವರು. ಗೊರೂರು ಅಣೆಕಟ್ಟು, ಶೆಟ್ಟಿಹಳ್ಳಿಯಲ್ಲಿ ಹಿನ್ನೀರಿಗೆ ಮುಳುಗುವ ಹಳೇ ಚರ್ಚು, ಸಕಲೇಶಪುರದ ಸೇತುವೆ, ಎಲ್ಲಾ ಕಡೆ ಹೇಮಾವತಿಯನ್ನು ನೋಡಿಕೊಂಡೇ ಬೆಳೆದಿದ್ದೇವೆ. ಹೊಳೆ ಹುಟ್ಟುವ ಜಾಗ ಮಾತ್ರ ನೋಡಿರಲಿಲ್ಲ. ಅದು ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿದೆ. ಡಿಸೆಂಬರ್ ಮೊದಲ ವಾರ ಚಿಕ್ಕಪ್ಪನ ಜೊತೆ ಹೋದೆ. ಅವರಿಗೆ 63 ವರ್ಷ. ನಡೆಯೋದು ಅಂದರೆ ನನಗಿಂತ ಅವರೇ ಮುಂದೆ.

ಮೊದಲು ರೂಮಿನ ಕಥೆ. ಫೋನಿನಲ್ಲಿ ಒಬ್ಬರಿಗೆ 1,500, ಊಟ ತಿಂಡಿ ಸೇರಿ ಅಂದಿದ್ದರು. ಬ್ಯಾಗ್ ಇಳಿಸಿದ ಮೇಲೆ ಅದು 2,200 ಆಯಿತು. ಕೇಳಿದರೆ ಸೀಸನ್ ರೇಟ್ ಅಂದರು. ಆಗಲೇ ಕತ್ತಲಾಗಿತ್ತು, ಬೇರೆ ಕಡೆ ಹೋಗೋಕೆ ಬಸ್ ಇಲ್ಲ. ಗೋಡೆಯೆಲ್ಲ ತೇವ, ಕಂಬಳಿ ಮುಗ್ಗಲು ವಾಸನೆ. ರಾತ್ರಿ ಯಾರೋ ಬೇರೆಯವರಿಗೆ ಬೆಂಕಿ ಹಾಕಿ ಜೋರಾಗಿ ಹಾಡು ಹಚ್ಚಿದರು. ಬೆಳಿಗ್ಗೆ ಬಿಲ್ಲಿನಲ್ಲಿ ಆ ಬೆಂಕಿಗೆ ನಮ್ಮ ಪಾಲು ಅಂತ 400 ಸೇರಿತ್ತು! ನಾವು ಬಾಗಿಲು ಹಾಕಿ ಮಲಗಿದ್ದವರು. ಜಗಳ ಮಾಡಿ ಅದೊಂದನ್ನು ತೆಗೆಸಿದೆ. ನೀವು ರೂಮ್ ಹೇಳುವಾಗ ಒಟ್ಟು ಎಷ್ಟು, ಅದರಲ್ಲಿ ಏನೇನು ಸೇರಿದೆ ಅಂತ ಮೆಸೇಜಿನಲ್ಲೇ ಬರೆಸಿಕೊಳ್ಳಿ. ಬಾಯಿಮಾತು ನಂಬಬೇಡಿ.

ಜೀಪನ್ನು ತಗುಲಿಸಿದ್ದೂ ಆ ರೂಮಿನವರೇ. ದಾರಿ ಸರಿಯಿಲ್ಲ, ಇಂಬಳ (ಜಿಗಣೆ) ಹತ್ತುತ್ತೆ, ಆನೆ ಬರುತ್ತೆ ಅಂತ ಹೆದರಿಸಿದರು. ಹತ್ತಿ ಸರಿಯಾಗಿ ಕೂರುವಷ್ಟರಲ್ಲಿ ಜೀಪ್ ನಿಂತಿತು. ಅಲ್ಲಿ ಸೌದೆ ಹೊರೆ ಇಳಿಸಿ ಕೂತಿದ್ದ ಅಜ್ಜಿಯೊಬ್ಬರು ನಮ್ಮನ್ನು ನೋಡಿ, "ಇಲ್ಲಿಗ್ಯಾಕೆ ಜೀಪ್ ಮಾಡ್ಕಂಡ್ ಬಂದ್ರಿ? ಸಣ್ಣ ಮಕ್ಳೇ ನಡ್ಕಂಡ್ ಬರ್ತಾವೆ" ಅಂದರು. ಚಿಕ್ಕಪ್ಪ ಡ್ರೈವರಿಗೆ ದುಡ್ಡು ಕೊಟ್ಟು ಅಲ್ಲಿಂದಲೇ ವಾಪಸ್ ಕಳಿಸಿದರು.

ಮೂಲದಲ್ಲಿ ಇರುವುದು ಒಂದು ಗಣಪತಿ ದೇವಸ್ಥಾನ, ಒಂದು ಪುಟ್ಟ ಕೊಳ. ಅಷ್ಟೇ. ಸುಮಾರು 245 ಕಿಲೋಮೀಟರ್ ಹರಿದು ಕೃಷ್ಣರಾಜಸಾಗರದ ಹತ್ತಿರ ಕಾವೇರಿ ಸೇರುವ ಹೊಳೆ ಇಲ್ಲಿ ಇಷ್ಟೇ ಇಷ್ಟು. ಚಿಕ್ಕಪ್ಪ ಚಪ್ಪಲಿ ಬಿಟ್ಟು ತುಂಬಾ ಹೊತ್ತು ಸುಮ್ನೆ ನಿಂತಿದ್ದರು. ಹೆಚ್ಚಿನವರು ಫೋಟೋ ತೆಗೆದು ಹತ್ತು ನಿಮಿಷಕ್ಕೆ ವಾಪಸ್ ಹೋಗುತ್ತಾರೆ. ಚೆನ್ನಾಗಿರುವುದು ಅಲ್ಲಿಂದ ಮುಂದೆ.

ನೀರು ಹರಿಯುವ ಕಡೆಗೇ ಇಳಿಯಿರಿ. ಎರಡೂ ಕಡೆ ಗುಡ್ಡ, ನಡುವೆ ಗದ್ದೆ ಬಯಲು. ನಾವು ಹೋದಾಗ ಅರ್ಧ ಗದ್ದೆ ಕೊಯ್ದಿತ್ತು, ಬದುವಿನ ಮೇಲೆ ಆರಾಮಾಗಿ ನಡೆಯಬಹುದಿತ್ತು. ಹಳ್ಳ ದಾಟೋಕೆ ಅಡಿಕೆ ಮರದ ಕಾಲುಸಂಕ ಇದೆ. ಇಬ್ಬನಿ ಆರುವ ತನಕ ಜಾರುತ್ತೆ, ಒಬ್ಬೊಬ್ಬರೇ ದಾಟಿ. ಆ ಕಡೆ ಉಣುಗೋಲು, ಅಂದರೆ ಬೇಲಿ ದಾರಿಗೆ ಅಡ್ಡ ಹಾಕಿರುವ ಗಳ, ಸರಿಸಿದರೆ ಕಾಫಿ ತೋಟ. ಸರಿಸಿದ್ದನ್ನು ಮತ್ತೆ ಹಾಕಿಯೇ ಮುಂದೆ ಹೋಗಿ, ದನ ನುಗ್ಗಿದರೆ ಅವರ ವರ್ಷದ ಬೆಳೆ ಹೋಗುತ್ತೆ.

ತೋಟಗಳೆಲ್ಲ ಖಾಸಗಿ. ನಾವು ಹೋದ ಕಡೆ ಅರೇಬಿಕಾ ಕೊಯ್ಲು ನಡೆಯುತ್ತಿತ್ತು. ತೋಟದ ಕೆಲಸ ನೋಡಿಕೊಳ್ಳುವ ರೈಟರನ್ನು ಹುಡುಕಿ, "ಅಣ್ಣಾ, ಹಿಂಗೇ ಮೇಲಿನ ರಸ್ತೆಗೆ ಹೋಗಬಹುದಾ?" ಅಂತ ಕೇಳಿದೆವು. ಅವರು ದಾರಿ ತೋರಿಸಿದ್ದಲ್ಲದೆ, ಹಿಂದಿನ ರಾತ್ರಿ ಆನೆ ಓಡಾಡಿದ ಕಡೆ ಹೋಗಬೇಡಿ ಅಂತ ಎಚ್ಚರಿಸಿದರು. ಮೂಡಿಗೆರೆ ಕಡೆ ಆನೆ ಕಾಟ ನಿಜವಾಗಿಯೂ ಇದೆ. ಅದಕ್ಕೆ ಜೀಪ್ ಪರಿಹಾರ ಅಲ್ಲ, ತೋಟದವರನ್ನು ಕೇಳುವುದೇ ದಾರಿ. ಏಳೂವರೆಗೆ ಮುಂಚೆ ತೋಟಕ್ಕೆ ಇಳಿಯಬೇಡಿ, ಸಂಜೆ ನಾಲ್ಕರ ಮೇಲೆ ಒಳಗಿರಬೇಡಿ. ಹಣ್ಣು ಕಿತ್ತು ಬಾಯಿಗೆ ಹಾಕಿಕೊಳ್ಳಬೇಡಿ.

ಸಿಲ್ವರ್ ಮರ, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಕಾಫಿ. ಇದೇ ನೆರಳಿನಲ್ಲಿ ಒಂದು ಗಂಟೆ ಏರು. ಮೇಲೆ ಡಾಂಬರು ರಸ್ತೆ ಸಿಕ್ಕಿದಾಗ ಎಡಕ್ಕೆ ತಿರುಗಿ ಮತ್ತೆ ಜಾವಳಿಗೆ ಬಂದೆವು. ಚಿಕ್ಕಪ್ಪನ ಫೋನ್ ಒಂಬತ್ತು ಕಿಲೋಮೀಟರ್ ತೋರಿಸಿತು. ನಾಲ್ಕೂವರೆ ಗಂಟೆ ಹಿಡಿಯಿತು. ಕೊನೆಯ ರಸ್ತೆ ಭಾಗ ನನಗೆ ಇಷ್ಟವಾಗಲಿಲ್ಲ. ಕಳಸ, ಹೊರನಾಡಿಗೆ ಹೋಗುವ ಕಾರುಗಳು ತಿರುವಿನಲ್ಲೂ ನಿಧಾನ ಮಾಡುವುದಿಲ್ಲ. ಬಲಗಡೆ, ಎದುರು ಬರುವ ಗಾಡಿ ಕಾಣುವ ಹಾಗೆ ನಡೆಯಿರಿ. ಮಳೆಗಾಲದಲ್ಲಿ ಈ ಸುತ್ತು ಬೇಡವೇ ಬೇಡ. ಆಗ ಗದ್ದೆ ಬದುವಿನಲ್ಲಿ ಕಾಲಿಡೋಕೂ ಆಗಲ್ಲ, ಇಂಬಳವೂ ಜಾಸ್ತಿ.

ಅಲ್ಲೇ ಹತ್ತಿರದ ರಾಣಿಝರಿ ವ್ಯೂ ಪಾಯಿಂಟಿಗೆ ನಾವು ಹೋಗಲಿಲ್ಲ. ಶನಿವಾರ, ಭಾನುವಾರದ ಜನ ನನಗೆ ಆಗಲ್ಲ.

ವಾಪಸ್ ಬರುವಾಗ ಕೊಟ್ಟಿಗೆಹಾರದಲ್ಲಿ ಇಳಿಯದೆ ಬರಬೇಡಿ. ಚಾರ್ಮಾಡಿ ಘಾಟಿಗೂ ಕಳಸಕ್ಕೂ ರಸ್ತೆ ಒಡೆಯುವ ಊರು ಅದು, ನೀರುದೋಸೆಗೆ ಹೆಸರುವಾಸಿ. ನಾವು ಹೊಕ್ಕಿದ್ದು ನಾಲ್ಕು ಬೆಂಚಿನ ಹೋಟೆಲು. ಅಕ್ಕಿ ನೆನೆಸಿ ರುಬ್ಬಿ ನೀರಿನ ಹಾಗೆ ತೆಳ್ಳಗೆ ಮಾಡಿದ ಹಿಟ್ಟು, ಹುಳಿ ಬರಿಸುವುದಿಲ್ಲ. ಒಲೆ ಮುಂದಿದ್ದ ಅಕ್ಕ ಕಾದ ಕಾವಲಿಗೆ ಒಂದು ಸೌಟು ಬೀಸಿ ಹುಯ್ಯುತ್ತಿದ್ದರು. ಚುರ್ ಅಂತ ಸದ್ದು, ಮೈತುಂಬ ತೂತು, ಮೇಲೊಂದು ಮುಚ್ಚಳ. ತೆಗೆದು ನಾಲ್ಕು ಮಡಿಕೆ ಮಾಡಿದರೆ ಕೈಗೆ ಒದ್ದೆ ಬಟ್ಟೆಯಷ್ಟು ಮೆತ್ತಗೆ. ಜೊತೆಗೆ ಕಾಯಿಚಟ್ನಿ, ಕೇಳಿದರೆ ಕಾಯಿಬೆಲ್ಲ. ಚಿಕ್ಕಪ್ಪ ಏಳು ತಿಂದರು, ನಾನು ಐದು. "ಇನ್ನೊಂದ್ ಹಾಕ್ಲಾ ಅಪ್ಪಾಜಿ?" ಅಂತ ಆ ಅಕ್ಕ ಕೇಳಿದ್ದನ್ನು ಚಿಕ್ಕಪ್ಪ ಮನೆಗೆ ಬಂದು ಮೂರು ಸಲ ಹೇಳಿದರು. ಎರಡು ಕಾಫಿ ಸೇರಿ ಇಬ್ಬರಿಗೆ 170 ರೂಪಾಯಿ. ನೆಟ್‌ವರ್ಕ್ ಇರಲಿಲ್ಲ, ಫೋನ್ ಪೇ ಆಗಲಿಲ್ಲ. ಕೈಯಲ್ಲಿ ಚಿಲ್ಲರೆ ಇಟ್ಟುಕೊಂಡಿರಿ.

ಚಿಕ್ಕಮ್ಮನಿಗೆ ಅಂತ ಆರು ದೋಸೆ ಪಾರ್ಸಲ್ ತಂದೆವು. ಹಾಸನ ಮುಟ್ಟುವಷ್ಟರಲ್ಲಿ ಒಂದಕ್ಕೊಂದು ಅಂಟಿ ಮುದ್ದೆಯಾಗಿತ್ತು. ಪಾರ್ಸಲ್ ಕಟ್ಟಿಸಬೇಡಿ, ಮನೆಯವರನ್ನೇ ಕರೆದುಕೊಂಡು ಹೋಗಿ.