ಕೇಕ್ ಮಾರಿ ಬಸ್ಸಿಗೆ ಬುದ್ಧಿ ಕಲಿಸಿದವರು

ನಮ್ಮ ಅಟ್ಲಾಂಟಾದ ಓದುವ ಗುಂಪಿನಲ್ಲಿ ‘ದಿ ಹೆಲ್ಪ್’ ಕಾದಂಬರಿಗೆ ಆದಷ್ಟು ಜಗಳ ಬೇರೆ ಯಾವ ಪುಸ್ತಕಕ್ಕೂ ಆಗಿಲ್ಲ. 2009ರಲ್ಲಿ ಬಂದ ಪುಸ್ತಕ ಅದು. ಕತೆ ನಡೆಯುವುದು 1960ರ ದಶಕದ ಶುರುವಿನಲ್ಲಿ, ಮಿಸ್ಸಿಸ್ಸಿಪ್ಪಿಯ ಜಾಕ್ಸನ್‌ನಲ್ಲಿ. ಬಿಳಿಯರ ಮನೆಗಳಲ್ಲಿ ಅಡುಗೆ ಮಾಡಿ, ಅವರ ಮಕ್ಕಳನ್ನು ಎತ್ತಿ ಆಡಿಸುವ ಕಪ್ಪು ಹೆಂಗಸರ ಕತೆ. ಮಗುವಿನ ಅಂಡು ತೊಳೆಯಬಹುದು, ಆ ಮನೆಯ ಕಕ್ಕಸಿಗೆ ಮಾತ್ರ ಹೋಗುವಂತಿಲ್ಲ. ಗ್ಯಾರೇಜಿನಲ್ಲಿ ಅವರಿಗೇ ಅಂತ ಬೇರೆ ಕಟ್ಟಿಸುತ್ತಾರೆ.

ನನ್ನ ಗೆಳತಿಗೆ ಈ ಪುಸ್ತಕ ಪ್ರಾಣ. ನನ್ನ ತಕರಾರು ಒಂದೇ. ಆ ಹೆಂಗಸರು ಬಾಯಿ ಬಿಡಬೇಕಾದರೆ ಒಬ್ಬ ಬಿಳಿ ಹುಡುಗಿ ನೋಟ್‌ಬುಕ್ ಹಿಡಿದು ಬರಬೇಕಿತ್ತಾ? ಅವಳು ಬರದಿದ್ದರೆ ಇವರು ಸುಮ್ನೆ ಪಾತ್ರೆ ತೊಳೆದುಕೊಂಡು ಕೂತಿರುತ್ತಿದ್ದರಾ? ವಾದ ಮುಗಿಯಲಿಲ್ಲ. ಕೊನೆಗೆ ಇಂಥ ಹೆಂಗಸರು ನಿಜವಾಗಿ ಏನು ಮಾಡಿದ್ದರು ಅಂತ ನೋಡಲು ಒಂದು ಶನಿವಾರ ಇಬ್ಬರೂ ಕಾರು ಹತ್ತಿದೆವು. ಜಾಕ್ಸನ್ ದೂರ ಆಯಿತು, ಹೋಗಿ ಬರಲು ಒಂದು ದಿನ ಸಾಲದು. ಅಲಬಾಮಾದ ಮಾಂಟ್‌ಗೊಮರಿಗಾದರೆ ಎರಡೂವರೆ ಗಂಟೆ. ಗಡಿ ದಾಟುತ್ತಿದ್ದಂತೆ ಗಡಿಯಾರ ಒಂದು ಗಂಟೆ ಹಿಂದೆ ಹೋಗುವುದರಿಂದ ಬೆಳಿಗ್ಗೆ ಆರಾಮಾಗಿ ತಿಂಡಿ ತಿಂದೇ ಹೊರಡಬಹುದು.

ದಾರಿಯಲ್ಲಿ ಅವಳು ಹಾಸನದ ತನ್ನ ಅಜ್ಜಿ ಮನೆಯ ಮಾತು ತೆಗೆದಳು. ಪಾತ್ರೆ ತೊಳೆಯಲು ಬರುತ್ತಿದ್ದಾಕೆಗೆ ಹಿತ್ತಲ ಜಗಲಿಯಲ್ಲಿ ಬೇರೆ ಲೋಟ. ಆಕೆಯೇ ಅದನ್ನು ತೊಳೆದು ಬೋರಲು ಹಾಕಿ ಹೋಗಬೇಕು. “ಆ ಕಕ್ಕಸಿನ ವಿಷಯ ಓದುವಾಗ ನನಗೆ ಆ ಲೋಟವೇ ಕಣ್ಣಿಗೆ ಬರ್ತಿತ್ತು ಕಣೇ,” ಅಂದಳು. ನಮ್ಮ ಮನೆಯದೂ ಅದೇ ಕತೆ. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಪೆಟ್ರೋಲ್ ಹಾಕಿಸಿದೆವು.

ಮಾಂಟ್‌ಗೊಮರಿಯಲ್ಲಿ ರೋಸಾ ಪಾರ್ಕ್ಸ್ ಮ್ಯೂಸಿಯಂ ಇದೆ. ಅಲ್ಲಿ ಒಂದು ಹಳೇ ಕಾಲದ ಬಸ್ಸಿನ ಕಿಟಕಿಗಳಲ್ಲಿ 1955ರ ಡಿಸೆಂಬರ್ 1ರ ಸಂಜೆಯನ್ನು ವಿಡಿಯೋದಲ್ಲಿ ತೋರಿಸುತ್ತಾರೆ. ಕಪ್ಪು ಹೆಂಗಸು ಪಾರ್ಕ್ಸ್ ಬಿಳಿಯನಿಗೆ ಸೀಟು ಬಿಡದೆ ಬಂಧನಕ್ಕೊಳಗಾದ ಕತೆ ಎಲ್ಲರಿಗೂ ಗೊತ್ತು, ಬಿಡಿ. ನಾನು ಜಾಸ್ತಿ ಹೊತ್ತು ನಿಂತಿದ್ದು ಅಲ್ಲಿಟ್ಟಿರುವ 1955ರ ಸ್ಟೇಷನ್ ವ್ಯಾಗನ್ ಮುಂದೆ. ಆ ಬಂಧನವನ್ನು ಪ್ರತಿಭಟಿಸಿ ಬಸ್ ಹತ್ತುವುದನ್ನು ಬಿಟ್ಟ ಕಪ್ಪು ಜನರನ್ನು ಕೆಲಸಕ್ಕೆ ಬಿಡಲು ಚರ್ಚ್‌ಗಳು ಇಂಥ ಗಾಡಿಗಳನ್ನು ಕೊಂಡವು. ಪಕ್ಕದಲ್ಲಿ ಚರ್ಚಿನ ಹೆಸರು ಬರೆಸಿದವು. ಉರುಳುವ ಚರ್ಚ್ ಅಂತಲೇ ಜನ ಕರೆಯುತ್ತಿದ್ದರು. ಇಲ್ಲಿನ ಇನ್ಶೂರೆನ್ಸ್ ಕಂಪನಿಗಳು ಕೈಬಿಟ್ಟಾಗ ಲಂಡನ್ನಿನ ಲಾಯ್ಡ್ಸ್‌ನಿಂದ ಪಾಲಿಸಿ ತಂದರಂತೆ. ಬಸ್ ಬಹಿಷ್ಕಾರ 381 ದಿನ ನಡೆಯಿತು.

ಆ ಗಾಡಿಗಳಲ್ಲಿ ಕೂತವರು ಯಾರು? ಮಾಂಟ್‌ಗೊಮರಿಯಲ್ಲಿ ದುಡಿಯುತ್ತಿದ್ದ ಕಪ್ಪು ಹೆಂಗಸರಲ್ಲಿ ಶೇ. 63ರಷ್ಟು ಮಂದಿ ಮನೆಗೆಲಸದವರು ಅಂತ ಈ ಚಳವಳಿಯ ಮುಂದಾಳು ಮಾರ್ಟಿನ್ ಲೂಥರ್ ಕಿಂಗ್ ಬರೆದಿದ್ದಾರೆ. ಅಂದರೆ ಬಸ್ ಕಂಪನಿಯ ಹೊಟ್ಟೆ ತುಂಬಿಸುತ್ತಿದ್ದವರೇ ಅವರು. ಮುಂದಿನ ಬಾಗಿಲಲ್ಲಿ ದುಡ್ಡು ಕೊಟ್ಟು, ಕೆಳಗಿಳಿದು, ಹಿಂದಿನ ಬಾಗಿಲಿಂದ ಹತ್ತಬೇಕಿತ್ತು. ಅಷ್ಟರಲ್ಲಿ ಕೆಲವು ಡ್ರೈವರ್‌ಗಳು ಬಸ್ ಬಿಟ್ಟುಕೊಂಡು ಹೋಗಿಬಿಡುತ್ತಿದ್ದರು.

ಜಾರ್ಜಿಯಾ ಗಿಲ್ಮೋರ್ ಎಂಬ ಅಡುಗೆಯಾಕೆಗೆ ಆಗಿದ್ದು ಇದೇ. 1955ರ ಅಕ್ಟೋಬರ್‌ನಲ್ಲಿ. ಪಾರ್ಕ್ಸ್ ಬಂಧನಕ್ಕೂ ಮುಂಚೆಯೇ ಆಕೆ ಬಸ್ ಹತ್ತುವುದನ್ನು ಬಿಟ್ಟಿದ್ದರು, ಯಾರೂ ಹೇಳದೆ. ಚಳವಳಿ ಶುರುವಾದ ಮೇಲೆ ಒಂದಷ್ಟು ಹೆಂಗಸರನ್ನು ಸೇರಿಸಿಕೊಂಡರು. ಕೇಕ್, ಪೈ, ಹುರಿದ ಕೋಳಿ ಮಾಡುವುದು, ಮಾರುವುದು, ದುಡ್ಡು ತಂದು ಸಭೆಯಲ್ಲಿ ಕೊಡುವುದು. ದುಡ್ಡು ಎಲ್ಲಿಂದ ಬಂತು ಅಂದರೆ “ಎಲ್ಲಿಂದಲೂ ಇಲ್ಲ”. ಗುಂಪಿನ ಹೆಸರೇ ‘ಕ್ಲಬ್ ಫ್ರಂ ನೋವೇರ್’! ಯಾರು ಬೇಯಿಸಿದರು, ಯಾರು ಕೊಂಡರು ಅನ್ನುವುದು ಗಿಲ್ಮೋರ್ ಒಬ್ಬರಿಗೇ ಗೊತ್ತು. ಹೆಸರು ಹೊರಗೆ ಬಂದರೆ ಮಾರನೇ ದಿನ ಕೆಲಸ ಹೋಗುತ್ತಿತ್ತಲ್ಲ. ಕೊಳ್ಳುವವರಲ್ಲಿ ಬಿಳಿಯರೂ ಇದ್ದರು. ತಿಂದ ಕೇಕಿನ ದುಡ್ಡು ವ್ಯಾಗನ್ನಿನ ಪೆಟ್ರೋಲಾಗುತ್ತಿತ್ತು.

1956ರ ಮಾರ್ಚ್‌ನಲ್ಲಿ ಬಹಿಷ್ಕಾರ ನಡೆಸಿದ್ದಕ್ಕೆ ಕಿಂಗ್ ಅವರ ಮೇಲೆ ಕೇಸು ನಡೆದಾಗ ಗಿಲ್ಮೋರ್ ಕೋರ್ಟಿನಲ್ಲಿ ನಿಂತು ಡ್ರೈವರ್ ಮಾಡಿದ್ದನ್ನು ಹೇಳಿದರು. ಅಡುಗೆ ಕೆಲಸ ಹೋಯಿತು. ಮನೆಯಲ್ಲೇ ಅಡುಗೆ ಮಾಡಿ ಮಾರಲು ಶುರು ಮಾಡಿದರು. ಕಿಂಗ್ ಸೇರಿ ಚಳವಳಿಯವರೆಲ್ಲ ಅಲ್ಲಿಗೇ ಊಟಕ್ಕೆ ಬರುತ್ತಿದ್ದರು.

ಈ ಚಳವಳಿಯಲ್ಲಿ ನನಗೆ ನಗು ತರಿಸಿದ್ದು ಮೇಯರ್ ಗೇಲ್ ಕತೆ. ಕೆಲಸದವರನ್ನು ತಮ್ಮ ಕಾರಿನಲ್ಲೇ ಕರೆತರುತ್ತಿದ್ದ ಬಿಳಿ ಗೃಹಿಣಿಯರಿಗೆ ಅದನ್ನು ನಿಲ್ಲಿಸಿ ಅಂತ ಅವರು ಹೇಳಿದರು. ಹಾಗಿದ್ದರೆ ಮೇಯರ್ರೇ ಬಂದು ನನ್ನ ಬಟ್ಟೆ ಒಗೆದು, ಅಡುಗೆ ಮಾಡಿ, ಮಕ್ಕಳನ್ನು ನೋಡಿಕೊಳ್ಳಲಿ ಅಂದರಂತೆ ಹೆಂಗಸರು! ಇದನ್ನು ನೆನಪಿಸಿಕೊಂಡವರು ಅದೇ ಊರಿನ ಬಿಳಿ ಹೆಂಗಸು ವರ್ಜೀನಿಯಾ ಡರ್. ಅವರೇ ಹೇಳಿದ ಇನ್ನೊಂದು ಮಾತಿದೆ. ಕೆಲಸದಾಕೆಯೊಬ್ಬಳು ಯಜಮಾನಿ ಮುಂದೆ, ನಮ್ಮ ಮನೆಯವರಿಗೂ ಈ ಗಲಾಟೆಗೂ ಸಂಬಂಧವಿಲ್ಲಮ್ಮ, ಗಲಾಟೆ ಮುಗಿಯುವವರೆಗೆ ಬಸ್ ಹತ್ತುತ್ತಿಲ್ಲ ಅಷ್ಟೇ ಅಂದಳಂತೆ. ಯಾಕೆ ಹಾಗಂದೆ ಅಂತ ಆಮೇಲೆ ಡರ್ ಕೇಳಿದರೆ, ಸಿಂಹದ ಬಾಯಲ್ಲಿ ಕೈ ಇದ್ದಾಗ ಅದರ ತಲೆ ಸವರಬೇಕು ಅಂದಳಂತೆ.

ಈ ಕೆಲಸದವರ ಕೈ ಸಿಂಹದ ಬಾಯಲ್ಲಿ ಎಷ್ಟು ಆಳದಲ್ಲಿತ್ತು ಅಂದರೆ, 1935ರಲ್ಲಿ ಅಮೆರಿಕದಲ್ಲಿ ವಯಸ್ಸಾದವರಿಗೆ ಪಿಂಚಣಿ ಕೊಡುವ ಸೋಶಿಯಲ್ ಸೆಕ್ಯುರಿಟಿ ಕಾನೂನು ಬಂದಾಗ ಮನೆಗೆಲಸದವರನ್ನೂ ಹೊಲದ ಕೂಲಿಗಳನ್ನೂ ಹೊರಗಿಟ್ಟಿದ್ದರು. ದಕ್ಷಿಣದಲ್ಲಿ ದುಡಿಯುತ್ತಿದ್ದ ಕಪ್ಪು ಜನರಲ್ಲಿ ಹೆಚ್ಚಿನವರು ಮಾಡುತ್ತಿದ್ದದ್ದು ಆ ಎರಡು ಕೆಲಸಗಳನ್ನೇ. 1938ರ ಕನಿಷ್ಠ ಕೂಲಿ ಕಾನೂನಿನಲ್ಲೂ ಮನೆಗೆಲಸದವರಿಗೆ ಜಾಗ ಸಿಗಲಿಲ್ಲ. ಸಿಕ್ಕಿದ್ದು 1974ರಲ್ಲಿ. ಕಾದಂಬರಿಯಲ್ಲಿ ಯಜಮಾನಿಯರ ಕೆಟ್ಟತನ ಬೇಕಾದಷ್ಟಿದೆ, ಈ ಕಾನೂನುಗಳ ಕೆಟ್ಟತನ ಅಷ್ಟಾಗಿ ಕಾಣುವುದಿಲ್ಲ. ಒಬ್ಬ ಯಜಮಾನಿ ಒಳ್ಳೆಯವಳಾದ ಮಾತ್ರಕ್ಕೆ ಕನಿಷ್ಠ ಕೂಲಿಯ ಹಕ್ಕು ಬರುತ್ತಿತ್ತಾ?

ಮಧ್ಯಾಹ್ನ ಡೆರಿಕೋಟ್ ಸ್ಟ್ರೀಟ್ ಹುಡುಕಿಕೊಂಡು ಹೋದೆವು. ಗಿಲ್ಮೋರ್ ಮನೆ ಮುಂದೆ ಒಂದು ಸ್ಮಾರಕ ಫಲಕ ಇದೆ. ಅವರು ತೀರಿಕೊಂಡಿದ್ದು 1990ರ ಮಾರ್ಚ್‌ನಲ್ಲಿ. ಕಪ್ಪು ಜನರ ವೋಟಿನ ಹಕ್ಕಿಗಾಗಿ ನಡೆದ ಸೆಲ್ಮಾ ಮೆರವಣಿಗೆಗೆ 25 ವರ್ಷ ಆಯಿತು ಅಂತ ನಡೆದು ಬರುವವರಿಗೆ ಊಟ ತಯಾರು ಮಾಡುತ್ತಿದ್ದರಂತೆ. ದುಃಖಕ್ಕೆ ಬಂದವರಿಗೆ ಅದೇ ಅಡುಗೆ ಬಡಿಸಿದರಂತೆ. ಗೆಳತಿ ಫಲಕದ ಮುಂದೆ ನಿಂತು ಫೋಟೋ ತೆಗೆಸಿಕೊಂಡಳು. ಬಿಸಿಲು ಸುಡುತ್ತಿತ್ತು, ಬೇಗ ಕಾರು ಹತ್ತಿದೆವು.

“ಈಗ ಹೇಳು,” ಅಂದೆ. “ಈಕೆಗೆ ಯಾವ ಬಿಳಿ ಹುಡುಗಿ ಬೇಕಿತ್ತು?”

“ಬೇಕಿರಲಿಲ್ಲ, ಒಪ್ಪಿದೆ. ಆದ್ರೆ ಪುಸ್ತಕದಲ್ಲಿ ಆ ಮಗು ಕೆಲಸದವಳನ್ನೇ ಅಮ್ಮ ಅಂದುಕೊಳ್ಳುತ್ತಲ್ಲ, ಆ ಸಂಕಟ ನಿನ್ನ ಮ್ಯೂಸಿಯಂನಲ್ಲಿ ಎಲ್ಲಿತ್ತು?”

ಅದು ಸರಿಯಾದ ಮಾತೇ. ಬೇರೆಯವರ ಮಗುವನ್ನು ಮುದ್ದು ಮಾಡಿ ಸಾಕಿ, ಅದು ದೊಡ್ಡದಾಗಿ ತನ್ನನ್ನೇ ದೂರ ಇಡುವುದನ್ನು ನೋಡುವ ಹೆಂಗಸಿನ ಮನಸ್ಸು ಫಲಕದ ಮೇಲೆ ಬರುವುದಿಲ್ಲ. ಅದಕ್ಕೆ ಕತೆಯೇ ಬೇಕು. ನನಗೆ ಬೇಕಾಗಿರುವ ಕತೆಯಲ್ಲಿ ಆ ಹೆಂಗಸಿನ ಬಳಿ ಕೇಕಿನ ಲೆಕ್ಕವೂ ಇರಬೇಕು, ಅಷ್ಟೇ.

ಮನೆಗೆ ಬರುವಾಗ ಬೆಳಿಗ್ಗೆ ಸಿಕ್ಕಿದ್ದ ಆ ಒಂದು ಗಂಟೆಯನ್ನು ಗಡಿಯಾರ ವಾಪಸ್ ಕಿತ್ತುಕೊಂಡಿತು. ಅಷ್ಟರಲ್ಲಿ ಮುಂದಿನ ತಿಂಗಳ ಓದು ಗೊತ್ತಾಗಿತ್ತು. 1956ರಲ್ಲೇ ಫಿಸ್ಕ್ ವಿಶ್ವವಿದ್ಯಾಲಯದ ಸಂಶೋಧಕರು ಮಾಂಟ್‌ಗೊಮರಿಗೆ ಹೋಗಿ ಮನೆಗೆಲಸದವರ ಮಾತುಗಳನ್ನು ಬರೆದುಕೊಂಡು ಬಂದಿದ್ದರು. ಅವುಗಳಲ್ಲಿ ಕೆಲವು ಅಚ್ಚಾಗಿವೆ. ಅದನ್ನೇ ಓದೋಣ ಅಂತ ಗುಂಪಿಗೆ ಮೆಸೇಜ್ ಹಾಕಿದೆ. ಇಬ್ಬರು ಆಗಲೇ “ಅದರಲ್ಲಿ ಕತೆ ಇದೆಯಾ?” ಅಂತ ಕೇಳಿದ್ದಾರೆ.