ಹನ್ನೊಂದು ತಲೆಮಾರಿನ ಹಾಳೆ: ಎರಡನೇ ಕೊಂಡಿ ಸಿಕ್ಕಿತು

ಅತ್ತೆಯವರು ಕೊಟ್ಟ ಟೈಪ್ ಮಾಡಿದ ಹಾಳೆಯಲ್ಲಿ ಹನ್ನೊಂದು ತಲೆಮಾರಿನ ಹೆಸರುಗಳಿವೆ. ಮೊದಲನೆಯವರು 1635ರ ಸುಮಾರಿಗೆ ಇಂಗ್ಲೆಂಡಿನಿಂದ ಅಮೆರಿಕದ ಮ್ಯಾಸಚೂಸೆಟ್ಸ್‌ನ ಇಪ್ಸ್‌ವಿಚ್‌ಗೆ ಬಂದವರು. ಕೊನೆಯ ಹೆಸರು ಅತ್ತೆಯವರದೇ. ಅದರ ಕೆಳಗೆ ನನ್ನ ಗಂಡನ ಹೆಸರು, ಮಗಳ ಹೆಸರು ಬರೆಯುವ ಮುಂಚೆ ಪ್ರತಿ ಕೊಂಡಿಗೂ, ಅಂದರೆ ಇವರು ಇವರ ಮಗು ಅನ್ನುವುದಕ್ಕೆ, ಒಂದು ದಾಖಲೆ ಹುಡುಕಬೇಕು ಅಂತ ಹೊರಟೆ. ಹತ್ತು ಕೊಂಡಿಗಳಲ್ಲಿ ಒಂಬತ್ತು ಮೊದಲೇ ಗಟ್ಟಿಯಾಗಿದ್ದವು. ಉಳಿದ ಒಂದು ಈ ತಿಂಗಳು ಸಿಕ್ಕಿತು.

ಹಾವೇರಿ ಕಡೆಯ ನಮ್ಮೂರಿಗೆ ಸುಗ್ಗಿ ಮುಗಿದ ಮೇಲೆ ಹೆಳವರು ಬರುತ್ತಿದ್ದರು. ನಮ್ಮ ಮನೆತನದ ಹೆಸರುಗಳನ್ನು ಒಂದರ ಹಿಂದೊಂದು ಹೇಳುತ್ತಿದ್ದರು. ಇಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಆ ಕೆಲಸ ಊರಿನ ಕಾರಕೂನರದು. ಹುಟ್ಟು, ಮದುವೆ, ಸಾವು ಬರೆದಿಡಬೇಕು ಅಂತ 1639ರಲ್ಲೇ ಆಗ ಇಂಗ್ಲೆಂಡಿನ ಕಾಲೊನಿಯಾಗಿದ್ದ ಇಲ್ಲಿ ಆಜ್ಞೆಯಾಗಿತ್ತು. 1850ರವರೆಗಿನ ಆ ದಾಖಲೆಗಳು ಎಷ್ಟೋ ಊರುಗಳಿಗೆ ಪುಸ್ತಕವಾಗಿ ಅಚ್ಚಾಗಿವೆ. ಹಾಗಾಗಿ ಹಳೆಯ ಕಾಲಕ್ಕಿಂತ 1790ರ ನಂತರದ ಐವತ್ತು ವರ್ಷವೇ ನನಗೆ ಜಾಸ್ತಿ ಕಾಡಿತು. ಆಗಿನ ಜನಗಣತಿಯಲ್ಲಿ ಮನೆಯ ಯಜಮಾನನ ಹೆಸರು ಮಾತ್ರ ಇರುತ್ತದೆ. ಗುಲಾಮರಲ್ಲದ ಎಲ್ಲರ ಹೆಸರು ಬರುವುದು 1850ರಿಂದ.

ಈಗ ಆ ಎರಡನೇ ಕೊಂಡಿಯ ವಿಷಯ. ವಲಸೆ ಬಂದ ಅಜ್ಜನ ಮೊಮ್ಮಗನನ್ನು ಊರಿನ ಪುಸ್ತಕದಲ್ಲಿ ‘ಜೂನಿಯರ್’ ಅಂತ ಬರೆದಿದ್ದಾರೆ. ಅದೇ ಹೆಸರಿನ ‘ಸೀನಿಯರ್’ ಒಬ್ಬರು ಅದೇ ಊರಲ್ಲಿದ್ದರು, ಅವರು ಅಜ್ಜನ ಹಿರಿಮಗ. ಹಾಳೆ ಬರೆದವರು ಇವರಿಬ್ಬರನ್ನು ತಂದೆ-ಮಗ ಅಂತ ಸೇರಿಸಿದ್ದರು. ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ, ಅಲ್ವಾ? ಆದರೆ ಆ ಕಾಲದಲ್ಲಿ ಜೂನಿಯರ್ ಅಂದರೆ ಊರಲ್ಲಿ ಅದೇ ಹೆಸರಿನ ಇಬ್ಬರಲ್ಲಿ ಚಿಕ್ಕವನು, ಅಷ್ಟೇ. ನೆಂಟಸ್ತನ ಇರಲೇಬೇಕು ಅಂತಿಲ್ಲ. ದೊಡ್ಡವರು ತೀರಿಕೊಂಡರೆ ಇವನೇ ಸೀನಿಯರ್ ಆಗಿಬಿಡಬಹುದು.

ಇನ್ನೊಂದು ಗೊಂದಲವೂ ಇತ್ತು. ಈ ಜೂನಿಯರ್‌ಗೆ 1689ರ ಏಪ್ರಿಲ್‌ನಲ್ಲಿ ಮದುವೆ, ಅದೇ 1689ರ ಫೆಬ್ರುವರಿಯಲ್ಲಿ ಮೊದಲ ಮಗು. ಎರಡು ದಿನ ತಲೆ ಕೆಡಿಸಿಕೊಂಡೆ. ಆಮೇಲೆ ಹೊಳೆಯಿತು, 1752ರವರೆಗೆ ಇಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಅಂದರೆ ಏಪ್ರಿಲ್ ಆದ ಮೇಲೆಯೇ ಆ ಫೆಬ್ರುವರಿ. ನಮ್ಮ ಲೆಕ್ಕಕ್ಕೆ ಮಗು ಹುಟ್ಟಿದ್ದು 1690ರಲ್ಲಿ. ಕೆಲವು ಕಾರಕೂನರು ‘1689/90’ ಅಂತ ಎರಡೂ ಬರೆದಿರುತ್ತಾರೆ. ಅಂಥವರನ್ನು ಕಂಡರೆ ಕೈ ಮುಗಿಯಬೇಕು ಅನಿಸುತ್ತದೆ.

ಕೊನೆಗೆ ದಾರಿ ತೋರಿಸಿದ್ದು ಜಮೀನು. ಇಪ್ಸ್‌ವಿಚ್ ಇರುವ ಎಸೆಕ್ಸ್ ಕೌಂಟಿಯ (ಜಿಲ್ಲೆಯ) ಹಳೆಯ ಖರೀದಿ ಪತ್ರಗಳನ್ನು ರಾತ್ರಿ ಊಟ ಆದ ಮೇಲೆ ಕಂಪ್ಯೂಟರಿನಲ್ಲಿ ಒಂದೊಂದಾಗಿ ಓದಿದೆ. ಕೈಬರಹ ಕಷ್ಟ. ಪದದ ನಡುವಿನ ‘ಎಸ್’ ಅಕ್ಷರ ‘ಎಫ್’ ಥರ ಕಾಣುತ್ತದೆ. ಹನ್ನೆರಡನೇ ರಾತ್ರಿ ನಮ್ಮ ಜೂನಿಯರ್ ಒಂದು ಹುಲ್ಲುಗಾವಲು ಮಾರಿದ ಪತ್ರ ಸಿಕ್ಕಿತು. ‘ನನ್ನ ತಂದೆಯಿಂದ ನನಗೆ ಬಂದದ್ದು’ ಅಂತ ಬರೆದು ತಂದೆಯ ಹೆಸರು ಕೊಟ್ಟಿದ್ದಾನೆ. ಅದು ಸೀನಿಯರ್ ಹೆಸರಲ್ಲ, ಅವರ ತಮ್ಮನದು! ಚಕ್ಕುಬಂದಿಯಲ್ಲಿ ಒಂದು ಕಡೆ ದೊಡ್ಡಪ್ಪನ ಹೊಲ. ಗಂಡನ ಜಮೀನಿನ ಮೂರನೇ ಒಂದು ಭಾಗದ ಮೇಲೆ ಹೆಂಡತಿಗೆ ಬದುಕಿರುವ ತನಕ ಹಕ್ಕಿತ್ತು. ಅದನ್ನು ಬಿಟ್ಟುಕೊಟ್ಟೆ ಅಂತ ಅವಳೂ ಕೆಳಗೆ ಗುರುತು ಹಾಕಿದ್ದಾಳೆ. ಆ ಹೆಂಡತಿಯ ಹೆಸರು 1689ರ ಮದುವೆಯ ಹೆಸರೇ. ಬೇರೆ ಯಾರೋ ಜೂನಿಯರ್ ಇರಬಹುದು ಅನ್ನುವ ಅನುಮಾನ ಅಲ್ಲಿಗೆ ಹೋಯಿತು.

ಅತ್ತೆಯವರಿಗೆ ಫೋನ್ ಮಾಡಿ ಹೇಳಿದೆ. ಅರವತ್ತು ವರ್ಷದಿಂದ ನಂಬಿದ್ದ ಒಂದು ಹೆಸರನ್ನು ಹೊಡೆದು ಹಾಕಬೇಕು ಅಂದರೆ ಸಣ್ಣ ಮಾತಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಪತ್ರ ನನಗೂ ಓದಿ ಹೇಳು” ಅಂದರು. ಇಡೀ ಪತ್ರ ಓದಿದೆ.

ಹೊಸ ಅಜ್ಜ, ಅಂದರೆ ಜೂನಿಯರ್‌ನ ನಿಜವಾದ ತಂದೆ, ಸಿಕ್ಕ ಮೇಲೆ ಅವರ ಆಸ್ತಿಯ ಕಡತ ತೆಗೆದೆ. ಸತ್ತ ಮೇಲೆ ನೆರೆಯವರು ಬಂದು ಮನೆಯಲ್ಲಿದ್ದದ್ದನ್ನೆಲ್ಲ ಬೆಲೆ ಕಟ್ಟಿ ಬರೆದ ಪಟ್ಟಿ ಅದರಲ್ಲಿದೆ. ಹಿತ್ತಾಳೆ ಪಾತ್ರೆ, ಹಾಸಿಗೆ, ಎರಡು ಎತ್ತು. ಎತ್ತುಗಳ ಕೆಳಗಿನ ಸಾಲಿನಲ್ಲಿ ಒಬ್ಬ ಕರಿಯ ಹೆಂಗಸು, ಅವಳ ಎದುರಿಗೆ ಪೌಂಡ್ ಲೆಕ್ಕದಲ್ಲಿ ಬೆಲೆ. ಕರೆಯುವ ಒಂದು ಹೆಸರು ಬಿಟ್ಟು ಬೇರೇನೂ ಇಲ್ಲ. ಗುಲಾಮಗಿರಿಗೆ ಈ ಕಾಲೊನಿಯ ಕಾನೂನು 1641ರಲ್ಲೇ ಜಾಗ ಕೊಟ್ಟಿತ್ತು ಅಂತ ಓದಿದ್ದೆ. ನನ್ನ ಮಗಳ ಪೂರ್ವಜರೊಬ್ಬರ ಆಸ್ತಿಪಟ್ಟಿಯಲ್ಲೇ ಅದನ್ನು ಕಂಡಾಗ ಮುಂದೆ ಓದಲು ಆಗಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿಟ್ಟೆ.

ಮರುದಿನ ಆ ಹೆಂಗಸಿನ ಹೆಸರಿಗೂ ಒಂದು ಹಾಳೆ ಮಾಡಿದೆ. ಗುಲಾಮರ ದೀಕ್ಷಾಸ್ನಾನವನ್ನೂ ಕೆಲವು ಚರ್ಚುಗಳು ತಮ್ಮ ಪುಸ್ತಕದಲ್ಲಿ ಬರೆದಿವೆ, ಯಜಮಾನನ ಹೆಸರಿನ ಜೊತೆ. ಮುಂದಿನ ತಿಂಗಳು ಇಪ್ಸ್‌ವಿಚ್ ಚರ್ಚಿನ ದಾಖಲೆಗಳಲ್ಲಿ ಅವಳನ್ನು ಹುಡುಕುತ್ತೇನೆ.