ಸೂಜಿಗೆ ಮೊದಲು ನೋಡಬೇಕು, ಸೂಜಿಯಾದ ಮೇಲೆ ಮಾತಾಡಬೇಕು

ಲಸಿಕೆ ಹಾಕುವ ದಿನವೇ ಮಗುವಿನ ಬೆಳವಣಿಗೆಯನ್ನೂ, ಅಂದರೆ ವಯಸ್ಸಿಗೆ ತಕ್ಕ ಕೇಳುವಿಕೆ, ನಡಿಗೆ, ಮಾತು ಬಂದಿವೆಯೇ ಎಂಬುದನ್ನೂ, ನೋಡುವುದು ಒಳ್ಳೆಯ ಯೋಚನೆ. ತಾಯಂದಿರು ಹೇಗೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದಿರುತ್ತಾರೆ. ಕೆಲಸ ಕೆಡುವುದು ಸರದಿಯಲ್ಲಿ. ತೂಕ, ಆಮೇಲೆ ಲಸಿಕೆ, ಆಮೇಲೆ ಬೆಳವಣಿಗೆಯ ಚಾರ್ಟ್ ಎಂದಿಟ್ಟುಕೊಂಡರೆ, ತೊಡೆ ನೋಯುತ್ತಿರುವ ಮಗು ಗಿಲಕಿ ಸದ್ದಿಗೆ ತಿರುಗುವುದಿಲ್ಲ, ಚೆಂಡನ್ನೂ ಮುಟ್ಟುವುದಿಲ್ಲ. ಅಳು ದಾಖಲೆಯಲ್ಲಿ ‘ವಿಳಂಬ’ವಾಗಿ ಕೂರುತ್ತದೆ. ನೋಡುವುದೆಲ್ಲ ಸೂಜಿಗೆ ಮೊದಲೇ ಮುಗಿಯಬೇಕು. ಲಸಿಕೆಯಾದ ಮೇಲೆ ಅರ್ಧ ಗಂಟೆ ಕೂರಿಸುತ್ತೇವಲ್ಲ, ಅದು ತಾಯಿಯೊಂದಿಗೆ ಮಾತಾಡುವ ಹೊತ್ತು.

ಎರಡನೆಯದು ವಯಸ್ಸು. ಎಷ್ಟು ತಿಂಗಳು ಎಂದು ಕೇಳಿದರೆ ‘ಏಳು ನಡೀತಿದೆ’ ಎನ್ನುತ್ತಾರೆ. ಅಂದರೆ ಆರು ತುಂಬಿದೆ. ಬರೆಯುವವರು ಏಳು ಎಂದು ಬರೆದುಬಿಟ್ಟರೆ ಮಗುವಿನ ಮೇಲೆ ಮಾಡದ ತಪ್ಪು ಬಿತ್ತು. ತಾಯಿ ಕಾರ್ಡಿನಲ್ಲಿರುವ ಹುಟ್ಟಿದ ದಿನಾಂಕದಿಂದಲೇ ತುಂಬಿದ ತಿಂಗಳು ಎಣಿಸಬೇಕು. ದಿನ ತುಂಬುವ ಮೊದಲೇ ಹುಟ್ಟಿದ ಮಗುವಾದರೆ, ಎರಡು ವರ್ಷದವರೆಗೆ, ಎಷ್ಟು ವಾರ ಮೊದಲು ಹುಟ್ಟಿತೋ ಅಷ್ಟನ್ನು ಕಳೆಯಬೇಕು. 32 ವಾರಕ್ಕೆ ಹುಟ್ಟಿ ಈಗ ಆರು ತಿಂಗಳಾದ ಮಗುವಿನಿಂದ ನಿರೀಕ್ಷಿಸಬೇಕಾದ್ದು ನಾಲ್ಕು ತಿಂಗಳು ದಾಟಿದ ಮಗುವಿನ ಕೆಲಸ. ಲಸಿಕೆಗೆ ಮಾತ್ರ ಈ ಲೆಕ್ಕ ಹಾಕಕೂಡದು. ಅದು ಹುಟ್ಟಿದ ದಿನದಿಂದಲೇ. ಇದನ್ನು ತಿರುಗುಮುರುಗು ಮಾಡಿ ಲಸಿಕೆ ಮುಂದೂಡುವುದು ಅಪಾಯ.

ಚಾರ್ಟ್ ಯಾವುದು? ಎರಡು ವರ್ಷದೊಳಗಿನವರಿಗೆ ತಿರುವನಂತಪುರದ ಮಕ್ಕಳ ಬೆಳವಣಿಗೆ ಕೇಂದ್ರದಲ್ಲಿ ರೂಪುಗೊಂಡ ಹದಿನೇಳು ಅಂಶಗಳದ್ದು ಅನುಕೂಲ. ಅದರಲ್ಲಿ ಒಂದೊಂದು ಕೆಲಸಕ್ಕೂ ಅದು ಬರುವ ವಯಸ್ಸನ್ನು ತೋರಿಸುವ ಒಂದು ಅಡ್ಡ ಪಟ್ಟಿ ಇರುತ್ತದೆ. ವಯಸ್ಸಿನ ಗೆರೆಯ ಮೇಲೆ ಪೆನ್ಸಿಲ್ ಅನ್ನು ನೇರವಾಗಿ ನಿಲ್ಲಿಸಿದರೆ, ಪೂರ್ತಿ ಅದರ ಎಡಕ್ಕೆ ಉಳಿದ ಪಟ್ಟಿಗಳ ಕೆಲಸವೆಲ್ಲ ಮಗುವಿಗೆ ಬಂದಿರಬೇಕು. ಗಿಲಕಿ, ಪೆನ್ಸಿಲ್, ಚೆಂಡು, ಗೊಂಬೆ ಇದ್ದರೆ ಸಾಕು. ಬೆರಳ ತುದಿಯಿಂದ ಹೆಕ್ಕುವುದನ್ನು ನೋಡಲು ಒಂದು ಕಾಳು ಮಂಡಕ್ಕಿ ಸಾಕು, ಬಾಯಿಗೆ ಹೋದರೂ ನೆನೆದು ಮೆತ್ತಗಾಗುತ್ತದೆ. ಕಡಲೆ, ಗುಂಡಿ, ಮಣಿ ಬೇಡವೇ ಬೇಡ, ಉಸಿರಿಗೆ ಸಿಕ್ಕಿಕೊಳ್ಳುತ್ತವೆ.

ಅತಿ ಹೆಚ್ಚು ಮೋಸವಾಗುವುದು ಸದ್ದಿನ ಪರೀಕ್ಷೆಯಲ್ಲಿ. ಗಿಲಕಿ ಕಣ್ಣಂಚಿಗೆ ಕಂಡರೆ ಮಗು ನೋಡಿ ತಿರುಗುತ್ತದೆ, ಕೇಳಿ ಅಲ್ಲ. ಕೈಯ ನೆರಳು ಬಿದ್ದರೂ ತಿರುಗುತ್ತದೆ. ಬಳೆ ತೆಗೆದಿಟ್ಟು, ಫ್ಯಾನ್ ನಿಲ್ಲಿಸಿ, ಕಿವಿಯ ಮಟ್ಟದಲ್ಲಿ, ಒಂದು ಗೇಣು ದೂರದಲ್ಲಿ, ಹಿಂದಿನಿಂದ ಆಡಿಸಬೇಕು. ತಾಯಿ ಆ ಕಡೆ ಕಣ್ಣು ಹಾಯಿಸಬಾರದೆಂದು ಮೊದಲೇ ಹೇಳಿರಬೇಕು. ಇಷ್ಟಾದರೂ ಗಿಲಕಿಗೆ ತಿರುಗಿದ ಮಾತ್ರಕ್ಕೆ ಕಿವಿ ಸರಿ ಎಂದಲ್ಲ. ಅನುಮಾನವಿದ್ದರೆ ಯಂತ್ರದಿಂದಲೇ ಶ್ರವಣ ಪರೀಕ್ಷೆ ಆಗಬೇಕು.

ಪ್ರಶ್ನೆ ಕೇಳುವುದೂ ಒಂದು ಕಸುಬು. ‘ಮಾತಾಡುತ್ತಾ?’ ಎಂದರೆ ಎಲ್ಲ ತಾಯಂದಿರೂ ‘ಹ್ಞೂಂ’ ಎನ್ನುತ್ತಾರೆ. ‘ನಿನ್ನೆಯಿಂದ ಏನೇನು ಅಂದ?’ ಎಂದು ಕೇಳಿ ಸುಮ್ಮನಿರಬೇಕು. ಅಳುವಾಗ ಬರುವ ‘ಅಮ್ಮ’ ಮಾತಲ್ಲ. ತಾತನನ್ನು ಕಂಡಾಗ ಮಾತ್ರ ‘ತಾತ’ ಎಂದರೆ ಅದು ಮಾತು. ಮನೆಯಲ್ಲಿ ತುಳುವೋ ಉರ್ದುವೋ ತೆಲುಗೋ ಇದ್ದರೆ ಎಲ್ಲ ಭಾಷೆಯ ಮಾತುಗಳನ್ನೂ ಸೇರಿಸಿ ಎಣಿಸಬೇಕು. ಮನೆಮಾತು ಬಿಡಿ ಎನ್ನುವ ಸಲಹೆ ಯಾವ ಕಾರಣಕ್ಕೂ ಬೇಡ. ಒಂದೂವರೆ ವರ್ಷದ ಮಗುವಿನ ಬಗ್ಗೆ ಕೇಳಲೇಬೇಕಾದ ಇನ್ನೊಂದು ಪ್ರಶ್ನೆ: ಕಾಗೆಯನ್ನೋ ಬಸ್ಸನ್ನೋ ತಾನಾಗಿ ಬೆರಳು ಚಾಚಿ ತೋರಿಸಿ, ತಿರುಗಿ ನಿಮ್ಮ ಮುಖ ನೋಡುತ್ತದೆಯೇ? ‘ಚಂದಮಾಮ ಎಲ್ಲಿ’ ಎಂದಾಗ ಕೈ ಎತ್ತುವುದು ಇದಕ್ಕೆ ಸಮವಲ್ಲ.

ದಾಖಲೆಯಲ್ಲಿ ಮೂರು ಕಾಲಂ ಬೇಕು: ಮಾಡಿತು, ಮಾಡಲಿಲ್ಲ, ನೋಡಲಾಗಲಿಲ್ಲ. ಮೂರನೆಯದಿಲ್ಲದ ಅಧ್ಯಯನಗಳಲ್ಲಿ ನಿದ್ದೆಗಣ್ಣಿನ, ಹಸಿದ, ಜ್ವರದ ಮಕ್ಕಳೆಲ್ಲ ಹಿಂದುಳಿದವರ ಲೆಕ್ಕಕ್ಕೆ ಸೇರುತ್ತಾರೆ. ನೋಡಲಾಗದ ಮಗುವನ್ನು ಎರಡು ವಾರ ಬಿಟ್ಟು ಮತ್ತೆ ಕರೆಸಿ.

ಹದಿನಾಲ್ಕನೇ ವಾರದ ಲಸಿಕೆಯಾದರೆ ಮುಂದಿನದು ಒಂಬತ್ತು ತಿಂಗಳಿಗೆ. ಬೋರಲು ಬೀಳುವುದು, ಕೂರುವುದು, ಒಂದು ಕೈಯಿಂದ ಇನ್ನೊಂದಕ್ಕೆ ದಾಟಿಸುವುದು, ‘ಬಬಬ’ ಎನ್ನುವುದು, ಎಲ್ಲ ಬರುವುದು ಈ ನಡುವೆಯೇ. 3, 6, 9, 12, 15 ತಿಂಗಳಿಗೆ ಆಶಾ ಕಾರ್ಯಕರ್ತೆ ಮಾಡುವ ಮನೆಭೇಟಿಗಳಲ್ಲಿ ಆರನೇ ತಿಂಗಳಿನದನ್ನು ತಪ್ಪಿಸಕೂಡದೆನ್ನುವುದು ಇದಕ್ಕೇ.

ಅರ್ಧ ಗಂಟೆಯ ಮಾತಿಗೆ ಬರೋಣ. ಹತ್ತು ಸಲಹೆ ಹೇಳಿದರೆ ಮನೆ ತಲುಪುವಾಗ ಒಂದೂ ಉಳಿಯುವುದಿಲ್ಲ. ಒಂದೇ ಆಟ ಸಾಕು. ಸ್ಟೀಲ್ ಲೋಟ, ಚಮಚ ಕೊಟ್ಟು ತಾಯಿಯೇ ಆಡಿಸಲಿ. ನಾವು ಮಗುವನ್ನು ಎತ್ತಿಕೊಂಡು ಆಡಿಸಿ ತೋರಿಸಿದರೆ ಅದು ನಮ್ಮ ಚಾತುರ್ಯವಾಗುತ್ತದೆ, ಅವರದಾಗುವುದಿಲ್ಲ. ಮಗು ಮಾಡಿದ ಸದ್ದನ್ನೇ ತಾಯಿ ತಿರುಗಿ ಹೇಳಿದಾಗ ಅದು ನಗುತ್ತದೆ. ಆ ನಗುವನ್ನು ‘ನೋಡಿ, ನಿಮಗೆ ಉತ್ತರ ಕೊಡ್ತಿದ್ದಾನೆ’ ಎಂದು ಅವರಿಗೆ ತೋರಿಸಿಕೊಡಬೇಕು.

‘ಅವರಪ್ಪನೂ ತಡವಾಗಿ ಮಾತಾಡಿದ್ದ, ನೋಡೋಣ’ ಎಂಬ ಮಾತಿನಿಂದ ಎಷ್ಟೋ ತಿಂಗಳು ಕೈಬಿಟ್ಟು ಹೋಗುತ್ತವೆ. ಅಂಬೆಗಾಲಿಡದೆ ನೇರವಾಗಿ ನಡೆಯುವ ಮಕ್ಕಳಿದ್ದಾರೆ, ಅಲ್ಲಿ ಹೆದರಿಕೆ ಬೇಡ. ಆದರೆ ಸ್ವತಂತ್ರ ನಡಿಗೆಗೆ ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಕೊಟ್ಟ ಮಿತಿ 8.2ರಿಂದ 17.6 ತಿಂಗಳು. 18 ದಾಟಿಯೂ ನಡೆಯದಿದ್ದರೆ, ವರ್ಷ ತುಂಬುವ ಮೊದಲೇ ಒಂದೇ ಕೈ ಬಳಸುತ್ತಿದ್ದರೆ, ಕಣ್ಣಪಾಪೆ ಬೆಳ್ಳಗೆ ಹೊಳೆದರೆ, ಬಂದ ಮಾತು ಮಾಯವಾದರೆ ಅಂದೇ ಚೀಟಿ ಬರೆಯಬೇಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳು, ಅಂದರೆ ಬೆಳವಣಿಗೆಯ ತೊಂದರೆಯನ್ನು ಬೇಗ ಪತ್ತೆ ಮಾಡಿ ಚಿಕಿತ್ಸೆ ಕೊಡುವ ಕೇಂದ್ರಗಳು, ಇರುವುದು ಇಂಥವರಿಗಾಗಿಯೇ. ಚೀಟಿಯಲ್ಲಿ ‘ಬೆಳವಣಿಗೆ ಕುಂಠಿತ’ ಎಂದು ಬರೆದರೆ ಅಲ್ಲಿನವರಿಗೂ ತಿಳಿಯುವುದಿಲ್ಲ, ಓದಿದ ತಾಯಿಯ ಎದೆಯೂ ಒಡೆಯುತ್ತದೆ. ‘ತುಂಬಿದ 19 ತಿಂಗಳು, ಹಿಡಿದುಕೊಂಡು ನಿಲ್ಲುತ್ತಾನೆ, ಬಿಟ್ಟು ನಡೆಯುವುದಿಲ್ಲ, ಎರಡು ಮಾತು’ ಎಂದು ಕಂಡದ್ದನ್ನೇ ಬರೆಯಿರಿ.